ವೇಗಕ್ಕಿಂತ ಮೊದಲು ಕವಚ

ಅಮೆರಿಕದಲ್ಲಿ ನೆಲೆಸಿದ ನಮ್ಮ ಕೆಲವು ಯುವಕರು ಹಳೆಯ ಕಾರನ್ನು ತಾವೇ ಸಜ್ಜುಗೊಳಿಸಿ, 402 ಮೀಟರ್ ಉದ್ದದ ಡ್ರ್ಯಾಗ್ ರೇಸಿನಲ್ಲಿ ಓಡಿಸುತ್ತಾರೆ. ಇಲ್ಲಿ ಅಪಾಯವು ಪಾದದ ಬಳಿಯೇ ಇರುತ್ತದೆ. 1970ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಟ್ರಾನ್ಸ್‌ಮಿಷನ್ ಸಿಡಿದು, ಖ್ಯಾತ ಚಾಲಕ ಡಾನ್ ಗಾರ್ಲಿಟ್ಸ್ ಅವರ ಬಲಪಾದದ ಭಾಗವೇ ತುಂಡಾಯಿತು. ಅಂತಹ ಗಾಯವನ್ನು ವೈದ್ಯರು ಹೊಲಿಯಬಲ್ಲರು. ಹೋದ ಪಾದವನ್ನು ಮರಳಿ ಕೊಡಲಾರರು.

ಆದ್ದರಿಂದ ಹಣ ಸಾಲದಿದ್ದರೆ ಎಂಜಿನ್ನಿನ ಶಕ್ತಿಯಲ್ಲಿ ಉಳಿತಾಯ ಮಾಡಬೇಕು. ಹಿಂಬದಿಯ ಗೇರುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಆದರೆ ಫ್ಲೈವ್ಹೀಲ್ ಮತ್ತು ಕ್ಲಚ್‌ಗಳಿಗೆ ಎಸ್‌ಎಫ್‌ಐ 1.1, ಚೂರುಗಳನ್ನು ತಡೆಯುವ ಬೆಲ್‌ಹೌಸಿಂಗ್‌ಗೆ 6.1, ಆಟೊಮ್ಯಾಟಿಕ್ ಕಾರಿನ ಫ್ಲೆಕ್ಸ್‌ಪ್ಲೇಟಿಗೆ 29.1 ಎಂಬ ಸುರಕ್ಷತಾ ಮುದ್ರೆ ಇರಲೇಬೇಕು. ಡ್ರೈವ್‌ಶಾಫ್ಟ್ ಮುರಿದರೆ ನೆಲಕ್ಕೆ ಊರದಂತೆ ಹಿಡಿಯುವ ಉಕ್ಕಿನ ಬಳೆಗೆ ಖರ್ಚು ಅಲ್ಪ, ಉಪಕಾರ ಅಪಾರ.

ಊರಿನಿಂದ ಕರೆಮಾಡುವ ಹಿರಿಯರು ‘ಎಷ್ಟು ವೇಗ?’ ಎನ್ನುವ ಬದಲು ‘ಮುದ್ರೆ ನೋಡಿ ಕೊಂಡೆಯೇನಪ್ಪ?’ ಎಂದು ಕೇಳಲಿ.