ಊರಿನ ಕಿರುಚಿತ್ರ, ಊರಿನ ಚಿತ್ರಕಲೆ: ಪ್ರದರ್ಶನ ಏರ್ಪಡಿಸುವಲ್ಲಿ ಗ್ರಾಮ ಪಂಚಾಯಿತಿಯ ಹೊಣೆ

ಗ್ರಾಮ ಪಂಚಾಯಿತಿಗಳು ತಮಗೇ ಅರಿವಿಲ್ಲದಂತೆ ಚಿತ್ರಕಲೆಯ ಪೋಷಕರಾಗಿವೆ. ಶೌಚಾಲಯ ಬಳಕೆ, ಕಸ ವಿಂಗಡಣೆ, ನೀರಿನ ಮಿತಬಳಕೆ, ಉದ್ಯೋಗ ಖಾತರಿಯ ಹಕ್ಕುಗಳು ಎಂದು ಒಂದಲ್ಲ ಒಂದು ಗೋಡೆಬರಹಕ್ಕೆ ಬಿಲ್ಲುಗಳು ಪಾವತಿಯಾಗುತ್ತಲೇ ಇರುತ್ತವೆ. ಅಂಗನವಾಡಿಯ ಗೋಡೆಯ ಮೇಲಿನ ಆನೆಯನ್ನೂ ಶಾಲೆಯ ಕಾಂಪೌಂಡಿನ ಮೇಲಿನ ಭೂಪಟವನ್ನೂ ಬಿಡಿಸಿದವರು ಬಹುಮಟ್ಟಿಗೆ ಆಸುಪಾಸಿನ ಊರಿನವರೇ. ಅವರ ಕೆಲಸವು ಅಳತೆ ಪುಸ್ತಕದಲ್ಲಿ ಚದರ ಅಡಿಗಳಾಗಿ ದಾಖಲಾಗುತ್ತದೆ. ಗೋಡೆಯ ಮೇಲೆ ಅಧ್ಯಕ್ಷರ, ಉಪಾಧ್ಯಕ್ಷರ, ಅಧಿಕಾರಿಗಳ ಹೆಸರುಗಳಿಗೆ ಜಾಗ ದೊರೆಯುತ್ತದೆ. ಬಣ್ಣ ಹಚ್ಚಿದವರ ಹೆಸರಿಗೆ ದೊರೆಯುವುದಿಲ್ಲ. ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುವ ಯುವಕ ಯುವತಿಯರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅವರ ಚಿತ್ರವನ್ನು ದೂರದ ಅಪರಿಚಿತರು ತಮ್ಮ ತಮ್ಮ ಫೋನುಗಳಲ್ಲಿ ನೋಡುತ್ತಾರೆ. ಸ್ವಂತ ಊರು ಒಟ್ಟಾಗಿ ಕುಳಿತು ನೋಡಿರುವುದಿಲ್ಲ.

ಇಂತಹ ಪ್ರದರ್ಶನವನ್ನು ಏರ್ಪಡಿಸುವುದು ಪಂಚಾಯಿತಿಯ ಕೆಲಸವೇ ಎಂಬ ಪ್ರಶ್ನೆ ಸಾಮಾನ್ಯ ಸಭೆಗಳಲ್ಲಿ ಏಳುವುದುಂಟು. ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರಿದ ಹನ್ನೊಂದನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ 20ನೆಯದು ಗ್ರಂಥಾಲಯ, 21ನೆಯದು ಸಾಂಸ್ಕೃತಿಕ ಚಟುವಟಿಕೆ. ಚರಂಡಿ, ಬೀದಿದೀಪಗಳ ನಡುವೆ ಈ ವಿಷಯ ಹಿಂದೆ ಸರಿದಿದೆಯೇ ಹೊರತು ವ್ಯಾಪ್ತಿಯಿಂದ ಹೊರಗುಳಿದಿಲ್ಲ.

ಹಳ್ಳಿಯ ಜನರಿಗೆ ಇಂತಹ ಚಿತ್ರಗಳು ರುಚಿಸುವುದಿಲ್ಲ ಎಂಬ ಮಾತಿಗೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ, 1970ರ ದಶಕದಲ್ಲಿ ಚಿತ್ರಸಮಾಜವನ್ನು ಕಟ್ಟಿ ಸತ್ಯಜಿತ್ ರಾಯ್, ಅಕಿರಾ ಕುರೊಸಾವಾ ಮೊದಲಾದವರ ಚಿತ್ರಗಳನ್ನು ಅಡಿಕೆ ತೋಟದ ರೈತರಿಗೂ ಕೂಲಿಕಾರರಿಗೂ ತೋರಿಸಿತು. ಅದರ ಹಿಂದಿನ ಚೇತನವಾಗಿದ್ದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಲ್ಲಿ ಚಿತ್ರ ತೋರಿಸುವುದರೊಂದಿಗೆ ಅದರ ಬಗ್ಗೆ ಕನ್ನಡದಲ್ಲಿ ಬರೆಯುವ, ಮಾತನಾಡುವ ಕೆಲಸವೂ ಬೆಳೆಯಿತು. ನೋಡುವುದಷ್ಟೇ ಅಲ್ಲ, ತೆಗೆಯುವುದೂ ಹಳ್ಳಿಗೆ ಸಾಧ್ಯ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದಲ್ಲಿ, ನಟನೆಯ ಅನುಭವವಿಲ್ಲದ ಗ್ರಾಮಸ್ಥರನ್ನೇ ಪಾತ್ರಧಾರಿಗಳಾಗಿಸಿ ತೆಗೆದ ‘ತಿಥಿ’ ಚಿತ್ರವು 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಬಳಿಕ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಗೂ ಪಾತ್ರವಾಯಿತು. ನಿರ್ದೇಶಕ ರಾಮ್ ರೆಡ್ಡಿಯವರೊಂದಿಗೆ ಅದನ್ನು ಬರೆದ ಈರೇಗೌಡರು ಆ ಗ್ರಾಮದವರೇ.

ಚಿತ್ರಕಲೆಯ ವಿಷಯದಲ್ಲಿ ಪಂಚಾಯಿತಿಯು ಹೊಸಬರನ್ನು ಹುಡುಕುವ ಮೊದಲು ಮನೆಗಳೊಳಗೆ ಇರುವುದನ್ನು ಕಾಣಬೇಕು. ಸಾಗರ, ಸೊರಬ, ಸಿದ್ದಾಪುರ ಭಾಗದ ದೀವರ ಮಹಿಳೆಯರು ಮದುವೆಯ ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರವನ್ನೇ ನೋಡಬಹುದು. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಗೆರೆಗಳ ಲೆಕ್ಕ ತಪ್ಪದ ಕೈ. ಇದನ್ನು ಬರೆಯುವ ಅನೇಕರು ತಮ್ಮನ್ನು ಕಲಾವಿದೆಯೆಂದು ಕರೆದುಕೊಳ್ಳುವುದಿಲ್ಲ. ಅರ್ಜಿ ಆಹ್ವಾನಿಸಿ ಸೂಚನಾ ಫಲಕಕ್ಕೆ ಅಂಟಿಸಿದರೆ ಇಂಥವರು ಬರುವುದಿಲ್ಲ. ಆಯಾ ವಾರ್ಡಿನ ಸದಸ್ಯರೇ ಮನೆಬಾಗಿಲಿಗೆ ಹೋಗಿ ಕರೆಯಬೇಕು. ಬೋರ್ಡು ಬರೆಯುವವರು, ಗಣೇಶನ ಮೂರ್ತಿ ಮಾಡುವವರು, ನಾಟಕದ ಪರದೆ ಬರೆಯುವವರು, ಕಸೂತಿ ಹಾಕುವವರು ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ಸ್ಥಳದ ಆಯ್ಕೆಯನ್ನು ಹಗುರವಾಗಿ ಪರಿಗಣಿಸುವಂತಿಲ್ಲ. ಊರಿನ ಕೆಲವರು ಒಳಗೆ ಕಾಲಿಡಲು ಹಿಂಜರಿಯುವ ಅಂಗಳದಲ್ಲಿ ಪ್ರದರ್ಶನ ಏರ್ಪಟ್ಟರೆ ಅದು ಇಡೀ ಊರಿನ ಪ್ರದರ್ಶನವಾಗುವುದಿಲ್ಲ. ಪಂಚಾಯಿತಿ ಕಚೇರಿಯ ಆವರಣ, ಅರಿವು ಕೇಂದ್ರ, ಎಲ್ಲರಿಗೂ ತೆರೆದ ಸಮುದಾಯ ಭವನ ಇದಕ್ಕೆ ಯೋಗ್ಯ. ಮಹಿಳೆಯರು ಸುರಕ್ಷಿತವಾಗಿ ಮನೆಗೆ ಮರಳುವಂತೆ ಸಮಯ ನಿಗದಿಯಾಗಬೇಕು. ದಾರಿಯ ಬೀದಿದೀಪಗಳು ಅಂದು ಉರಿಯುತ್ತಿವೆಯೇ ಎಂಬುದನ್ನು ಹಿಂದಿನ ರಾತ್ರಿಯೇ ಪರೀಕ್ಷಿಸಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಚಿತ್ರಗಳ ಆಯ್ಕೆ. ಊರಿನ ಹುಡುಗಿಯೊಬ್ಬಳು ನೀರು ಬಾರದ ನಲ್ಲಿಯ ಮೇಲೆ ಏಳು ನಿಮಿಷದ ಚಿತ್ರ ತೆಗೆದಿದ್ದಾಳೆ ಎಂದು ಭಾವಿಸೋಣ. ಅದನ್ನು ಪಂಚಾಯಿತಿಯ ವೇದಿಕೆಯಲ್ಲಿಯೇ ತೋರಿಸಬೇಕೇ ಎಂದು ಸದಸ್ಯರಿಗೆ ಮುಜುಗರವಾಗುವುದು ಸಹಜ. ಆದರೆ ಆ ಚಿತ್ರವನ್ನು ಕೈಬಿಟ್ಟರೆ ಉಳಿದ ಚಿತ್ರಗಳೂ ಪಂಚಾಯಿತಿಯ ಪ್ರಚಾರ ಸಾಮಗ್ರಿಯಂತೆ ಕಾಣತೊಡಗುತ್ತವೆ. ಮುಂದಿನ ವರ್ಷ ಯಾರೂ ಮನಸ್ಸಿಟ್ಟು ಚಿತ್ರ ತೆಗೆಯುವುದಿಲ್ಲ. ಆದ್ದರಿಂದ ಆಯ್ಕೆಯ ಸಮಿತಿಯಲ್ಲಿ ಸದಸ್ಯರು ಅಲ್ಪಸಂಖ್ಯೆಯಲ್ಲಿದ್ದು ಶಿಕ್ಷಕರು, ಗ್ರಂಥಪಾಲಕರು, ಸ್ವಸಹಾಯ ಸಂಘದ ಪ್ರತಿನಿಧಿಗಳು ಹೆಚ್ಚಾಗಿರುವುದು ಲೇಸು. ವ್ಯಕ್ತಿನಿಂದೆ, ಜಾತಿನಿಂದೆ, ಮಕ್ಕಳ ಗೌಪ್ಯತೆಗೆ ಭಂಗ ಇವುಗಳನ್ನು ತಡೆಯುವುದು ಸಮಿತಿಯ ಕರ್ತವ್ಯ; ಟೀಕೆಯನ್ನು ತಡೆಯುವುದಲ್ಲ. ಅಂತಹ ಚಿತ್ರವನ್ನು ವಾರ್ಡ್ ಸಭೆಯ ಹಿಂದಿನ ಸಂಜೆ ತೋರಿಸಿದರೆ ಮರುದಿನದ ಚರ್ಚೆಗೆ ಹಾಜರಾತಿ ಹೆಚ್ಚುವ ಸಂಭವವೂ ಇದೆ.

ಅನುಮತಿಗಳ ವಿಷಯದಲ್ಲಿ ‘ನಮ್ಮೂರಿನದೇ ಚಿತ್ರ, ಯಾರು ಕೇಳುತ್ತಾರೆ’ ಎಂಬ ಧೋರಣೆ ಸಲ್ಲದು. 1952ರ ಸಿನಿಮಾಟೋಗ್ರಾಫ್ ಅಧಿನಿಯಮದಂತೆ ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ, ಅದು ಚಿಕ್ಕದಾಗಿದ್ದರೂ, ಪ್ರಮಾಣಪತ್ರ ಬೇಕು. ವಿನಾಯಿತಿ ನೀಡುವ ಅಧಿಕಾರವನ್ನು 9ನೇ ಕಲಮು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಪ್ರದರ್ಶನದ ಸ್ಥಳಕ್ಕೆ 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಅಧಿನಿಯಮ ಅನ್ವಯಿಸುವುದರಿಂದ ಜಿಲ್ಲಾಡಳಿತದೊಂದಿಗೆ ಲಿಖಿತ ಪತ್ರವ್ಯವಹಾರ ಅಗತ್ಯ. ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಳಸುವಂತಿಲ್ಲ. ಕಿರುಚಿತ್ರದ ಹಿನ್ನೆಲೆಯಲ್ಲಿ ಜನಪ್ರಿಯ ಚಲನಚಿತ್ರ ಗೀತೆಯನ್ನು ಅಳವಡಿಸಿದ್ದರೆ ಆ ಗೀತೆಯ ಹಕ್ಕು ಬೇರೆಯವರದು. ಇವೆಲ್ಲವನ್ನೂ ಎರಡು ತಿಂಗಳ ಮೊದಲೇ ಆರಂಭಿಸದಿದ್ದರೆ ಕೊನೆಯ ವಾರದಲ್ಲಿ ಕಾರ್ಯಕ್ರಮ ಮುಂದೂಡಬೇಕಾಗುತ್ತದೆ.

ತಾಂತ್ರಿಕ ಸಿದ್ಧತೆ ಅಷ್ಟು ಕಷ್ಟವಲ್ಲ. 3,000 ಲ್ಯೂಮೆನ್ ಪ್ರೊಜೆಕ್ಟರ್ ಕತ್ತಲಾದ ಮೇಲೆ 3 ಮೀಟರ್ ಅಗಲದ ಪರದೆಗೆ ಧಾರಾಳವಾಗಿ ಸಾಕು. ದೊಡ್ಡ ಪರದೆಯ ಆಸೆಯಿಂದ ಅಗಲವನ್ನು ಎರಡರಷ್ಟು ಮಾಡಿದರೆ ಅದರ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಟ್ಟಿದ ಬಟ್ಟೆಯ ಪರದೆ ಗಾಳಿಗೆ ಹಾಯಿಯಂತೆ ಉಬ್ಬಿ ಕಂಬಗಳನ್ನು ಎಳೆಯುವುದರಿಂದ, ಸುಣ್ಣ ಬಳಿದ ನಯವಾದ ಗೋಡೆಯೇ ಉತ್ತಮ. ಮಕ್ಕಳ ತಲೆಗಳು ಬೆಳಕಿಗೆ ಅಡ್ಡ ಬಾರದಂತೆ ಪರದೆಯ ಕೆಳ ಅಂಚು ನೆಲದಿಂದ ಒಂದೂವರೆ ಮೀಟರ್ ಮೇಲಿರಲಿ.

ವೆಚ್ಚವನ್ನು ಸ್ವಂತ ಸಂಪನ್ಮೂಲದಿಂದ ಭರಿಸುವುದು ನಿರಾಳ. 15ನೇ ಹಣಕಾಸು ಆಯೋಗದ ನಿರ್ಬಂಧಿತ ಅನುದಾನವು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದುದು. ಅದಕ್ಕೆ ಕೈ ಹಾಕುವಂತಿಲ್ಲ. ಮಂಜೂರಾದ ಮೊತ್ತದಲ್ಲಿ ಮೊದಲ ಪಾಲು ಕಲಾವಿದರ ಗೌರವಧನಕ್ಕೆ ಸಲ್ಲಬೇಕು ಮತ್ತು ಅದು ನೇರವಾಗಿ ಅವರ ಬ್ಯಾಂಕ್ ಖಾತೆಗೆ ಜಮೆಯಾಗಬೇಕು. ಶಾಮಿಯಾನಕ್ಕೆ, ಶಾಲು ಹಾರಗಳಿಗೆ, ಊಟಕ್ಕೆ ಹಣವಿದ್ದು ಚಿತ್ರ ಬರೆದವರಿಗೆ ಪ್ರಶಸ್ತಿಪತ್ರ ಮಾತ್ರ ಸಿಗುವ ಪದ್ಧತಿಯನ್ನು ಯಾವ ನಿಯಮವೂ ವಿಧಿಸಿಲ್ಲ.

ಹೆಸರಿನ ವಿಷಯದಲ್ಲಿಯಂತೂ ಕಾನೂನು ಕಲಾವಿದರ ಪರವಾಗಿದೆ. ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಸಿದವರಿಗೆ ಸೇರಬಹುದು. ಆದರೆ 1957ರ ಕೃತಿಸ್ವಾಮ್ಯ ಅಧಿನಿಯಮದ 57ನೇ ಕಲಮಿನಂತೆ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಬಿಲ್ಲು ಪಾವತಿಯಾದ ಬಳಿಕವೂ ಬರೆದವರಲ್ಲಿಯೇ ಉಳಿಯುತ್ತದೆ. ಪ್ರದರ್ಶನದಲ್ಲಿ ಪ್ರತಿ ಚಿತ್ರದ ಕೆಳಗೆ ಹೆಸರು ಮತ್ತು ಊರು ಇರಲಿ. ಮುಂದಿನ ಗೋಡೆಬರಹದ ಕಾರ್ಯಾದೇಶದಲ್ಲಿಯೂ ಬಲ ಕೆಳಮೂಲೆಯಲ್ಲಿ ಕಲಾವಿದರ ಹೆಸರಿಗೆ ಅರ್ಧ ಚದರ ಅಡಿ ಜಾಗ ಬಿಡುವ ಷರತ್ತನ್ನು ಸೇರಿಸಬಹುದು. ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ, ಸಾಮಾನ್ಯ ಸಭೆಯ ಒಂದು ಠರಾವು ಸಾಕು.