ಹೆಂಚು ಬಂತು, ಜಗಲಿ ಎಲ್ಲಿ?



ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತು ಹೊಸ ಮನೆಗಳನ್ನೊಮ್ಮೆ ಗಮನಿಸಿ. ಅವುಗಳಲ್ಲಿ ಕೆಲವು ಹಳೆಯ ಮನೆಯ ವೇಷ ತೊಟ್ಟಿವೆ. ಇಳಿಜಾರು ಮಾಡು, ಕೆಂಪು ಹೆಂಚು, ಎದುರಿಗೆ ಎರಡು ಕಂಬ. ನಾವು ತೊಟ್ಟಿಮನೆ ಎನ್ನುವ, ಮಲಯಾಳದಲ್ಲಿ ನಾಲುಕೆಟ್ಟು ಎನ್ನುವ ಮನೆಯನ್ನು ಸಿಮೆಂಟಿನಲ್ಲಿ ಕಟ್ಟಿಕೊಡುವವರೂ ಇದ್ದಾರೆ. ಹಳೆಯ ಊರಿನ ಕ್ರಮವನ್ನು ನೋಡಿ ಹೊಸದಾಗಿ ಒಂದು ಕೇರಿಯನ್ನೇ ಕಟ್ಟಿದರೆ ಅದಕ್ಕೆ ನವ ಸಾಂಪ್ರದಾಯಿಕ ಬಡಾವಣೆ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ನಮ್ಮ ಅಂಗಳದ್ದೇ.

ಈ ಪದ್ಧತಿ ಹೆಸರು ಮಾಡಿದ್ದು ಅಮೆರಿಕದ ಫ್ಲೋರಿಡಾದಲ್ಲಿ, ಕಡಲ ಬದಿಯ ಸೀಸೈಡ್ ಎಂಬ ಪುಟ್ಟ ಊರಿನಿಂದ. ರಾಬರ್ಟ್ ಡೇವಿಸ್ ಎಂಬವರಿಗೆ ಅಜ್ಜನಿಂದ 80 ಎಕರೆ ಜಾಗ ಬಂದಿತ್ತು. ಅವರು ಸುತ್ತಲಿನ ಹಳೆಯ ಊರುಗಳನ್ನು ತಿರುಗಿ ನೋಡಿ, 1981ರಲ್ಲಿ ಕೆಲಸ ಸುರು ಮಾಡಿದರು. ನಕ್ಷೆ ಬರೆದವರು ದುವಾನಿ ಮತ್ತು ಪ್ಲೇಟರ್-ಝೈಬರ್ಕ್ ಎಂಬ ದಂಪತಿ. ಆ ದೇಶದ ಬಡಾವಣೆಗಳಲ್ಲಿ ಮನೆ ಒಂದು ದಿಕ್ಕಿಗೆ, ಅಂಗಡಿ ಇನ್ನೊಂದು ದಿಕ್ಕಿಗೆ. ಹಾಲು ತರುವುದಕ್ಕೂ ಕಾರು ಬೇಕು. ಇವರು ಅದನ್ನು ತಿರುವಿ ಹಾಕಿದರು. ಬೀದಿ ಕಿರಿದಾಗಿರಬೇಕು. ಅಂಗಡಿ, ಅಂಚೆ ಕಚೇರಿ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹೆಚ್ಚಿನ ಮನೆಗಳಿಗೆ ಬೀದಿಯ ಕಡೆಗೆ ಜಗಲಿ ಕಡ್ಡಾಯ. ಮುಂದೆ ಗೋಡೆ ಅಲ್ಲ, ತಗ್ಗಾದ ಮರದ ಬೇಲಿ. ಒಂದೇ ಬೀದಿಯ ಎರಡು ಬೇಲಿಗಳು ಒಂದೇ ನಮೂನೆ ಇರಬಾರದು! ಜಗಲಿಯಲ್ಲಿ ಕುಳಿತವನು ದಾರಿಹೋಕನ ಜೊತೆ ದನಿ ಏರಿಸದೆ ಮಾತಾಡುವಂತಿರಬೇಕು, ಇದಿಷ್ಟೇ ಲೆಕ್ಕಾಚಾರ.

ಫಲ ಏನಾಯಿತು? ಊರು ಚಂದವಾಯಿತು, ಕ್ರಯ ಆಕಾಶಕ್ಕೇರಿತು. ಈಗ ಅಲ್ಲಿನ ಹೆಚ್ಚಿನ ಮನೆಗಳು ರಜೆಗೆ ಬರುವವರ ಬಾಡಿಗೆಗೆ. ಜಗಲಿ ಇದೆ, ಕೂರುವವರು ಬದಲಾಗುತ್ತಾ ಇರುತ್ತಾರೆ. 1998ರಲ್ಲಿ ಬಂದ ಒಂದು ಇಂಗ್ಲಿಷ್ ಸಿನಿಮಾದಲ್ಲಿ ಊರಿಗೆ ಊರೇ ನಾಟಕದ ಸೆಟ್ಟು. ಆ ಊರಾಗಿ ತೋರಿಸಿದ್ದು ಸೀಸೈಡನ್ನೇ.

ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಉಡುಪಿಯ ರಥಬೀದಿಯಲ್ಲಿ ಒಂದು ಸುತ್ತು ಬನ್ನಿ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ, ಬದಿಯಲ್ಲಿ ಕೃಷ್ಣಮಠ, ಸುತ್ತ ಅಷ್ಟಮಠಗಳು. ಮಠದ ಜಗಲಿ ಬೀದಿಗೇ ತಾಗಿದೆ, ಪಕ್ಕದಲ್ಲೇ ಹೂವಿನ ಅಂಗಡಿ, ಪಾತ್ರೆಯ ಅಂಗಡಿ. ಫ್ಲೋರಿಡಾದವರು ನಿಯಮ ಬರೆದು ಮಾಡಿಸಿದ್ದು ಇಲ್ಲಿ ರೂಢಿಯಿಂದಲೇ ಬಂದಿದೆ. ಅಲ್ಲೇ ಹತ್ತಿರ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರೂ ಬ್ಯಾಂಕಿನಲ್ಲಿ ದುಡಿದವರು ಎಂಬುದು ನಮ್ಮಂಥವರಿಗೆ ಹೆಮ್ಮೆ. 2017ರಲ್ಲಿ ತೀರಿಕೊಂಡರು. ಅದು ದೊಡ್ಡ ಕೆಲಸ. ಆದರೆ ಅದು ವಸ್ತುಸಂಗ್ರಹಾಲಯ, ಅಲ್ಲಿ ಸಂಜೆ ಒಲೆ ಉರಿಯುವುದಿಲ್ಲ.

ಇನ್ನು ಹೆಂಚಿನ ಮಾತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದ ಹೆಂಚು ಇದು. ಪಕ್ಕಾಸಿನ ಮೇಲೆ ಕುಳಿತಾಗ ಅದರ ಸಂದಿಯಲ್ಲಿ ಮನೆಯ ಬಿಸಿಗಾಳಿ ಹೊರಗೆ ಹೋಗುತ್ತದೆ. ಸ್ಲ್ಯಾಬು ಹಾಕಿ ಅದರ ಮೇಲೆ ಅಂಟಿಸಿದರೆ ಆ ಕೆಲಸ ನಿಂತಿತು, ಉಳಿದದ್ದು ಬಣ್ಣ ಮಾತ್ರ. ಜಗಲಿಯ ಕತೆಯೂ ಹಾಗೆಯೇ. ಆರಡಿ ಕಂಪೌಂಡಿನ ಹಿಂದೆ ಜಗಲಿ ಕಟ್ಟಿದರೆ ಅಲ್ಲಿ ಕೂರುವವರು ಯಾರು, ನೋಡುವುದು ಯಾರನ್ನು?

ಅಡೂರಿನ ನಮ್ಮ ಮನೆಯ ಜಗಲಿ ದಾರಿಗೆ ಮುಖ ಮಾಡಿದೆ. ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆಗೆ ಹೋಗುವವರು ಹತ್ತಿ ಕೂರುತ್ತಿದ್ದರು. ಅಮ್ಮ ಬೆಲ್ಲ ನೀರು ಕೊಡುತ್ತಿದ್ದರು. ಬಂದವರ ಮುಖ ನೋಡಿ ಅಪ್ಪ ಒಬ್ಬರಿಗೆ ಕನ್ನಡದಲ್ಲಿ 'ಬನ್ನಿ', ಒಬ್ಬರಿಗೆ ತುಳುವಿನಲ್ಲಿ 'ಕುಲ್ಲುಲೆ', ಇನ್ನೊಬ್ಬರಿಗೆ ಮಲಯಾಳದಲ್ಲಿ 'ಇರಿಕ್ಕೂ' ಎನ್ನುತ್ತಿದ್ದರು. ನಾನು ಮಲಯಾಳ ಕಲಿತದ್ದು ಶಾಲೆಯಲ್ಲಿ ಅಲ್ಲ, ಆ ಜಗಲಿಯಲ್ಲಿ.

ಈಗ ಮಗ ಈ ಮನೆ ಕೆಡವಿ 'ಹಳೆ ಸ್ಟೈಲಿನ' ಮನೆ ಕಟ್ಟಬೇಕೆಂದಿದ್ದಾನೆ. ಮಾಡು ಸೋರುತ್ತದೆ, ಪಕ್ಕಾಸಿಗೆ ಗೆದ್ದಲು ಹಿಡಿದಿದೆ. ಬೇಡ ಎನ್ನಲು ನನಗೆ ಬಾಯಿಲ್ಲ. ಎಂಜಿನಿಯರರು ಕೊಟ್ಟ ಪ್ಲಾನು ಮೇಜಿನ ಮೇಲಿದೆ. ಕಂಬ ಇದೆ, ಹೆಂಚು ಇದೆ, ಜಗಲಿ ಹಿತ್ತಿಲ ಕಡೆಗೆ ಹೋಗಿದೆ, ದಾರಿಯ ಕಡೆಗೆ ಗೋಡೆ. ರಸ್ತೆಯ ಬದಿ ಬಿಡಬೇಕಾದ ಜಾಗ ಬಿಟ್ಟೂ ಜಗಲಿಯನ್ನು ಮುಂದಕ್ಕೆ ತರಬಹುದು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಗೋಡೆಯ ಎತ್ತರಕ್ಕೆ ಎರಡೂವರೆ ಅಡಿ ಎಂದು ಬರೆದಿದ್ದೇನೆ. ಮಗ ಇನ್ನೂ ನೋಡಿಲ್ಲ, ಶನಿವಾರ ಬರುತ್ತಾನೆ.