ಫೋಟೋ ಸಿಗಲಿ, ಗೂಡೂ ಉಳಿಯಲಿ

ಮಂಗಳೂರಲ್ಲಿದ್ದು ಹಕ್ಕಿ ಫೋಟೋ ತೆಗೀಬೇಕು ಅಂದ್ರೆ ಘಟ್ಟ ಹತ್ತಲೇಬೇಕಾ? ಖಂಡಿತ ಬೇಡ. ಬೆಳಿಗ್ಗೆ ಬಂದರಿನ ದಕ್ಕೆಗೆ ಹೋಗಿ ನೋಡಿ. ಬೋಟಿನಿಂದ ಮೀನು ಇಳಿಯುವ ಹೊತ್ತಿಗೆ ತಲೆಯ ಮೇಲೆಯೇ ಗರುಡಗಳು ಸುತ್ತು ಹೊಡೀತಿರ್ತವೆ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಹಾರುವ ಹಕ್ಕಿಯನ್ನು ಹಿಡಿಯೋದು ಕಲಿಯಲು ಇದು ಒಳ್ಳೆಯ ಜಾಗ. ಶಟರ್ ವೇಗ 1/2000 ಸೆಕೆಂಡಿನ ಆಸುಪಾಸು ಇಡಿ, ಫೋಕಸ್ ಕಣ್ಣಿನ ಮೇಲಿರಲಿ.

ಕೊಣಾಜೆ ಕಡೆಯ ಗುಡ್ಡಗಳಲ್ಲಿ ನವಿಲು, ಪಿಲಿಕುಳದ ಕೆರೆಯಲ್ಲಿ ನೀರುಕಾಗೆ, ಮಿಂಚುಳ್ಳಿ. ಊರೊಳಗೇ ಇಷ್ಟೆಲ್ಲ ಇದೆ. ಕ್ಯಾಮೆರಾಗಳೂ ಹೆಚ್ಚಾಗಿವೆ. ಹಾಗಾಗಿ ಹಕ್ಕಿಗಳ ಕಡೆಯಿಂದ ಎರಡು ಮಾತು.

ಮರಳಿನ ಮೇಲಿನ ಅತಿಥಿಗಳು

ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವ ಅಳಿವೆ ಬಾಗಿಲು, ಬೆಂಗ್ರೆ, ತಣ್ಣೀರುಬಾವಿ ಕಡೆ ಚಳಿಗಾಲದಲ್ಲಿ ಕಡಲಹಕ್ಕಿಗಳ ಜೊತೆ ಪುಟ್ಟ ಸ್ಯಾಂಡ್ ಪ್ಲೋವರ್‌ಗಳು ಬರ್ತವೆ. ಕೈಯಲ್ಲಿ ಹಿಡಿಯುವಷ್ಟೇ ಗಾತ್ರ, ಆದ್ರೆ ಹಿಮಾಲಯದ ಆಚೆಯಿಂದ ಹಾರಿ ಬಂದಿರ್ತವೆ. ಇಲ್ಲಿ ತಿಂದು ಕೊಬ್ಬು ಕೂಡಿಸಿಕೊಂಡರೆ ಮಾತ್ರ ಬೇಸಿಗೆಗೆ ವಾಪಸ್ ಹೋಗೋಕೆ ಆಗೋದು. ಹಿಂಡು ಎದ್ದು ಹಾರುವ ಒಂದು 'ಶಾಟ್'ಗಾಗಿ ಅದರ ನಡುವೆ ಓಡಿದರೆ ಆ ಶಕ್ತಿ ವ್ಯರ್ಥ. ಬದಲಿಗೆ ಮರಳಲ್ಲಿ ಕೂತು, ಕ್ಯಾಮೆರಾ ತಗ್ಗಿಸಿ ಕಾಯಿರಿ. ಸ್ವಲ್ಪ ಹೊತ್ತಲ್ಲಿ ಅವೇ ಹತ್ತಿರ ಬರ್ತವೆ. ಹಕ್ಕಿ ತಿನ್ನೋದು ನಿಲ್ಲಿಸಿ ನಿಮ್ಮನ್ನೇ ನೋಡ್ತಿದ್ರೆ, ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ.

ಬಾಲ್ಕನಿಯ ಬಾಡಿಗೆದಾರ

ಫ್ಲ್ಯಾಟ್‌ಗಳ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೋ ವಯರಿಗೋ ಸೂರಕ್ಕಿ ಗೂಡು ಕಟ್ಟುವುದುಂಟು. ಜೇಡರ ಬಲೆ, ನಾರು, ಒಣ ಎಲೆ ಸೇರಿಸಿ ಹೆಣೆದ ತೂಗುವ ಚೀಲ. ಒಳಗೆ ಸಾಮಾನ್ಯವಾಗಿ ಎರಡು ಮೊಟ್ಟೆ. ಮೊಬೈಲ್ ಕೈಯಲ್ಲೇ ಇರುವಾಗ ಬಾಗಿಲಿಗೆ ಹತ್ತಿರ ಹಿಡಿದು ಇಣುಕಬೇಕು ಅನ್ನಿಸೋದು ಸಹಜ. ಆದ್ರೆ ನೀವು ನಿಂತಷ್ಟು ಹೊತ್ತೂ ಕಾವು ಕೂರುವ ತಾಯಿ ಹೊರಗಿರುತ್ತಾಳೆ. ಪದೇ ಪದೇ ಹೋಗಿ ನೋಡಿದರೆ ಅದನ್ನು ಗಮನಿಸುವವರು ಇನ್ನೊಬ್ಬರಿದ್ದಾರೆ: ಕಾಗೆ. ಮರೆ ಮಾಡುತ್ತೆ ಅಂತ ಎಲೆ, ಕೊಂಬೆ ಸರಿಸಿದರಂತೂ ಬಿಸಿಲು, ಮಳೆ ನೇರ ಮರಿಗಳ ಮೇಲೆ.

ಕಾನೂನೂ ಇದನ್ನು ಸಣ್ಣದಾಗಿ ನೋಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ 'ಬೇಟೆ' ಅಂದ್ರೆ ಬರೀ ಕೊಲ್ಲೋದಲ್ಲ. ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಅದರೊಳಗೇ ಬರುತ್ತೆ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಫೋಟೋ ಸ್ಪರ್ಧೆಗಳೂ ನಮ್ಮಲ್ಲಿ ಇವೆ.

ಹಾಗಾದ್ರೆ ಏನು ಮಾಡೋದು? ಒಂದು ತಿಂಗಳು ಬಟ್ಟೆಗೆ ಬೇರೆ ಹಗ್ಗ ಕಟ್ಟಿ. ಕಿಟಕಿ ಒಳಗಿನಿಂದ, ಪರದೆಯ ಮರೆಯಿಂದ ನೋಡಿ. ಮರಿಗಳು ಹಾರಿಹೋದ ಮೇಲೆ ಖಾಲಿ ಗೂಡಿನ ಫೋಟೋ ಎಷ್ಟು ಬೇಕಾದ್ರೂ ತೆಗೆಯಿರಿ.

ಇನ್ನು ಮೂರು ಮಾತು

ಮೊಬೈಲಲ್ಲಿ ಹಕ್ಕಿಯ ಕೂಗು ಹಾಕಿ ಕರೀಬೇಡಿ. ಎದುರಾಳಿ ಬಂದಿದ್ದಾನೆ ಅಂದುಕೊಂಡು ಅದು ಮರಿಗಳನ್ನೂ ಊಟವನ್ನೂ ಬಿಟ್ಟು ಜಗಳಕ್ಕೆ ಬರುತ್ತೆ. ಗೂಬೆಯಂಥ ಹಕ್ಕಿ ಕಂಡರೆ ಇನ್‌ಸ್ಟಾಗ್ರಾಮಿನಲ್ಲಿ ಜಾಗದ ಹೆಸರು ಹಾಕಬೇಡಿ. 'ಮಂಗಳೂರು' ಅಂದ್ರೆ ಸಾಕು. ದುಬಾರಿ ಲೆನ್ಸ್ ಇಲ್ಲ ಅಂತ ಸುಮ್ಮನೆ ಕೂರಲೂಬೇಡಿ. ಉಚಿತವಾಗಿ ಸಿಗುವ ಮರ್ಲಿನ್ ಆ್ಯಪ್ ಹಕ್ಕಿ ಗುರುತಿಸಲು ಸಹಾಯ ಮಾಡುತ್ತೆ. ನೋಡಿದ್ದನ್ನು ಇ-ಬರ್ಡ್‌ನಲ್ಲಿ ದಾಖಲಿಸಿದರೆ ಸಂಶೋಧಕರಿಗೂ ಉಪಯೋಗ. ಅದಕ್ಕೆ ಫೋಟೋ ಕಡ್ಡಾಯವೇನಲ್ಲ.

ಚಾರ್ಮಾಡಿ ಘಾಟಿಯ ಆಚೆ, ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ತೆಗೆದ ಹಕ್ಕಿ ಚಿತ್ರಗಳನ್ನು ನಾವೆಲ್ಲ ಮೆಚ್ಚಿದ್ದೇವೆ. ಅದು ಫಿಲ್ಮ್ ರೋಲಿನ ಕಾಲ, ಪ್ರತಿ ಕ್ಲಿಕ್ಕಿಗೂ ಖರ್ಚು. ಈಗ ಕ್ಲಿಕ್ಕಿಗೆ ದುಡ್ಡಿಲ್ಲ. ಬೇಕಾಗಿರೋದು ತಾಳ್ಮೆ ಮಾತ್ರ.

ನಿಮ್ಮ ಬಾಲ್ಕನಿಗೆ, ಅಂಗಳಕ್ಕೆ ಬರುವ ಹಕ್ಕಿ ಯಾವುದು? ದೂರದಿಂದ ತೆಗೆದ ಒಂದು ಚಿತ್ರ, ನಾಲ್ಕು ಸಾಲು ಬರೆದು ಕಳಿಸಿ. ಸ್ವಲ್ಪ ಮಸುಕಾಗಿದ್ರೂ ಪರವಾಗಿಲ್ಲ.